ತೋಟ ಮೊದಲೋ, ಪಕ್ಷ ಮೊದಲೋ, ಪತ್ರಿಕೆ ಮೊದಲೋ

ಪ್ರಶ್ನೆ: ಹೊಸನಗರ ತಾಲ್ಲೂಕಿನ ನಮ್ಮೂರಲ್ಲಿ ಸಮಾಜವಾದಿಗಳ ಬಗ್ಗೆ ತಿಂಗಳಿಗೊಂದು ಮಾತು ಇಟ್ಟುಕೊಂಡಿದ್ದೇವೆ. ಶಾಂತವೇರಿ ಗೋಪಾಲಗೌಡರದ್ದು, ಜೆ.ಎಚ್. ಪಟೇಲರದ್ದು ಆಯಿತು. ನನ್ನ ಪಾಲಿಗೆ ಬಂದವರು ಕೇರಳದ ‘ಮಾತೃಭೂಮಿ’ ಪತ್ರಿಕೆಯ ಎಂ.ಪಿ. ವೀರೇಂದ್ರಕುಮಾರ್. ಅರ್ಧ ಗಂಟೆ ಮಾತಾಡಬೇಕು. ಅವರು ಪತ್ರಿಕಾ ಮನೆತನದವರು, ಅದರ ಬಲದಿಂದಲೇ ದಿಲ್ಲಿ ಮುಟ್ಟಿದರು ಅಂತ ಒಬ್ಬರು ಹೇಳುತ್ತಾರೆ. ಅವರು ಮೂಲದಲ್ಲಿ ನಮ್ಮ ತಾಲ್ಲೂಕಿನ ಜೈನ ಕ್ಷೇತ್ರ ಹುಂಚದ ಕಡೆಯ ಜೈನರು ಅಂತ ಇನ್ನೊಬ್ಬರು. ಯಾವುದು ಸರಿ? ಎಲ್ಲೆಲ್ಲಿ ಎಡವುವ ಸಂಭವ ಇದೆ?

ಉತ್ತರ: ಮೊದಲು ಎಡವುವುದು ಹೆಸರಿನಲ್ಲೇ. ‘ಎಂ.ಪಿ.’ ಅಂದರೆ ಸಂಸದ ಅಂತ ತಿಳಿದು ಆಹ್ವಾನ ಪತ್ರಿಕೆಯಲ್ಲಿ ‘ವೀರೇಂದ್ರಕುಮಾರ್, ಮಾಜಿ ಎಂ.ಪಿ.’ ಎಂದು ಅಚ್ಚು ಹಾಕಿಸಿಬಿಡಬೇಡಿ. ಅದು ಮಣಿಯಂಗೋಡು ಪದ್ಮಪ್ರಭ ಎಂಬುದರ ಮೊದಲಕ್ಷರಗಳು. ಪದ್ಮಪ್ರಭ ಗೌಡರ್ ಅವರ ತಂದೆ. ವಯನಾಡಿನ ಕಲ್ಪೆಟ್ಟದ ಕಾಫಿ ತೋಟದ ಧಣಿ, ಸಮಾಜವಾದಿ, ಮದ್ರಾಸ್ ಶಾಸನಸಭೆಯ ಸದಸ್ಯರಾಗಿದ್ದವರು. ತಾಯಿ ಮರುದೇವಿ ಅವ್ವ. ಹುಟ್ಟಿದ್ದು 1936ರ ಜುಲೈ 22.

ಆ ‘ಗೌಡರ್’, ಆ ‘ಅವ್ವ’ ಕೇಳಿದ ಕೂಡಲೇ ನಿಮ್ಮ ಎರಡನೇ ಗೆಳೆಯರ ಕಿವಿ ನೆಟ್ಟಗಾಗಿದ್ದರಲ್ಲಿ ಆಶ್ಚರ್ಯವಿಲ್ಲ. ವಯನಾಡಿನ ಜೈನ ಗೌಡರು ಕರ್ನಾಟಕದಿಂದ ಘಟ್ಟದ ಸಾಲು ಹಿಡಿದು ಬಂದವರು ಎಂಬುದು ಅವರಲ್ಲೇ ತಲೆತಲಾಂತರದಿಂದ ಬಂದ ಮಾತು. ಸುಲ್ತಾನ್ ಬತ್ತೇರಿಯ ಹಳೇ ಬಸದಿ, ಕಲ್ಪೆಟ್ಟದ ಹತ್ತಿರ ಪುಳಿಯಾರ್ಮಲೆಯ ಅನಂತನಾಥ ಸ್ವಾಮಿ ಬಸದಿ ಇವತ್ತಿಗೂ ಇವೆ. ಇವರ ಮನೆ ಇದ್ದದ್ದೂ ಪುಳಿಯಾರ್ಮಲೆಯಲ್ಲೇ. ಆದರೆ ‘ಕರ್ನಾಟಕ ಮೂಲ’ ಎಂಬಲ್ಲಿಗೆ ನಿಲ್ಲಿಸಿ. ಹುಂಚ ಅಂತ ಊರಿನ ಹೆಸರು ಹಾಕುವುದು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ, ಇತಿಹಾಸ ಆಗುವುದಿಲ್ಲ.

ಇನ್ನು ಮೊದಲನೇ ಗೆಳೆಯರ ಮಾತು: ಪತ್ರಿಕೆಯ ಬಲದಿಂದ ಬಂದರು ಅನ್ನುವುದು. ಇದು ತಲೆಕೆಳಗಾದ ಲೆಕ್ಕ. ಒಂದು ಹಾಳೆ ತೆಗೆದುಕೊಂಡು ಮೂರು ಅಂಕಣ ಗೀರಿ: ತೋಟ, ಪಕ್ಷ, ಪತ್ರಿಕೆ. ಎಡಕ್ಕೆ ಇಸವಿ ಬರೆಯಿರಿ. ಅಪ್ಪನ ಕಾಲಕ್ಕೇ ತೋಟದ ಅಂಕಣ ತುಂಬಿದೆ. ಮಗ ಶಾಲೆಯಲ್ಲಿದ್ದಾಗಲೇ ಜಯಪ್ರಕಾಶ ನಾರಾಯಣರ ಕೈಯಿಂದ ಸಮಾಜವಾದಿ ಪಕ್ಷದ ಸದಸ್ಯತ್ವ ಪಡೆದರು. ಹೆಚ್ಚು ಕಡಿಮೆ ಇತ್ತ ಸಾಗರ ಸೀಮೆಯಲ್ಲಿ ಕಾಗೋಡು ಸತ್ಯಾಗ್ರಹ ನಡೆದ ಕಾಲ. ಆಮೇಲೆ ಕಲ್ಲಿಕೋಟೆಯಲ್ಲಿ ಕಾಲೇಜು, ಮದ್ರಾಸಿನ ವಿವೇಕಾನಂದ ಕಾಲೇಜಿನಲ್ಲಿ ತತ್ವಶಾಸ್ತ್ರದ ಎಂ.ಎ., ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಎಂ.ಬಿ.ಎ. ತತ್ವಶಾಸ್ತ್ರ ಮತ್ತು ಎಂ.ಬಿ.ಎ. ಒಂದೇ ತಲೆಯಲ್ಲಿ ಕೂತದ್ದು ಮುಂದೆ ಪತ್ರಿಕೆ ನಡೆಸುವಾಗ ಕೆಲಸಕ್ಕೆ ಬಂತು. 1968ರಿಂದ 1970ರವರೆಗೆ ಸಂಯುಕ್ತ ಸಮಾಜವಾದಿ ಪಕ್ಷದ ರಾಷ್ಟ್ರೀಯ ಖಜಾಂಚಿ. ತುರ್ತುಪರಿಸ್ಥಿತಿಯಲ್ಲಿ ಮೊದಲು ಭೂಗತ, ಆಮೇಲೆ ಕಣ್ಣೂರು ಜೈಲು. ಇಷ್ಟೆಲ್ಲ ಆಗುವವರೆಗೂ ಮೂರನೇ ಅಂಕಣದಲ್ಲಿ ಅವರ ಹೆಸರಿನ ಮುಂದೆ ಅಧಿಕಾರದ ಕುರ್ಚಿ ಇಲ್ಲ. ಮಾತೃಭೂಮಿಯ ವ್ಯವಸ್ಥಾಪಕ ನಿರ್ದೇಶಕರಾಗಿ ಕೂತದ್ದು 1979ರ ನವೆಂಬರಿನಲ್ಲಿ. ಆಗ ವಯಸ್ಸು 43.

ಅಂದರೆ ಪಕ್ಷದಲ್ಲಿ ಕಾಲು ಶತಮಾನ ಮಾಗಿದ ಮೇಲೆ ಪತ್ರಿಕೆ ಕೈಗೆ ಬಂತು. ‘ಪತ್ರಿಕಾ ಮನೆತನ’ ಅನ್ನುವುದು ಹಿಂತಿರುಗಿ ನೋಡಿ ಅಂಟಿಸಿದ ಚೀಟಿ. ಆ ಚೀಟಿ ನಿಜಕ್ಕೂ ಹೊಂದುವುದು ಮಗ ಎಂ.ವಿ. ಶ್ರೇಯಾಂಸ್ ಕುಮಾರರಿಗೆ. ಅಪ್ಪ ಆಗಲೇ ಕಾಲು ಶತಮಾನ ಪತ್ರಿಕೆ ನಡೆಸಿಯಾದ ಮೇಲೆ, 2006ರಲ್ಲಿ, ಅವರು ಕಲ್ಪೆಟ್ಟದಿಂದ ಶಾಸಕರಾದರು, 2011ರಲ್ಲಿ ಮತ್ತೊಮ್ಮೆ. ಅಜ್ಜನಿಗೆ ತೋಟದಿಂದ ಶಾಸನಸಭೆ, ಅಪ್ಪನಿಗೆ ಪಕ್ಷದಿಂದ ಪತ್ರಿಕೆ, ಮಗನಿಗೆ ಪತ್ರಿಕೆಯ ಮನೆಯಿಂದ ಶಾಸನಸಭೆ. ನಿಮ್ಮ ಮಾತಿನ ಬೆನ್ನೆಲುಬು ಇದೇ ಆಗಲಿ.

ಪತ್ರಿಕೆಯನ್ನು ಇವರ ಮನೆಯವರು ಕಟ್ಟಿದ್ದೂ ಅಲ್ಲ. ಮಾತೃಭೂಮಿ ಹುಟ್ಟಿದ್ದು 1923ರ ಮಾರ್ಚ್ 18ರಂದು, ಕಲ್ಲಿಕೋಟೆಯಲ್ಲಿ, ಕೆ.ಪಿ. ಕೇಶವ ಮೆನೋನರ ಸಂಪಾದಕತ್ವದಲ್ಲಿ. ಆಗ ವಾರಕ್ಕೆ ಮೂರು ಸಂಚಿಕೆ. ದಿನಪತ್ರಿಕೆಯಾದದ್ದು 1930ರಲ್ಲಿ, ಉಪ್ಪಿನ ಸತ್ಯಾಗ್ರಹದ ಬಿಸಿಯಲ್ಲಿ. ಗುರುವಾಯೂರು ಸತ್ಯಾಗ್ರಹದ ಕೆ. ಕೇಳಪ್ಪನ್ ಕೂಡ ಅದರ ಸಂಪಾದಕರಾಗಿದ್ದರು. ಅದು ಕಾಂಗ್ರೆಸ್ಸಿನ ಸ್ವಾತಂತ್ರ್ಯ ಚಳವಳಿಗಾಗಿ ಷೇರು ಮಾರಿ ಕಟ್ಟಿದ ಕಂಪನಿ, ಒಬ್ಬರ ಆಸ್ತಿಯಾಗಿ ಹುಟ್ಟಿದ್ದಲ್ಲ.

ಇಲ್ಲಿ ನಮ್ಮವರು ಸಾಮಾನ್ಯವಾಗಿ ಒಂದು ಗೊಂದಲ ಮಾಡಿಕೊಳ್ಳುತ್ತಾರೆ. ಷೇರು ಅಂದ ತಕ್ಷಣ ಮ್ಯಾಮ್ಕೋಸ್ ನೆನಪಾಗುತ್ತದೆ, ಅಡಿಕೆ ಮಾರುವ ಸದಸ್ಯರೆಲ್ಲ ಸೇರಿ ನಡೆಸುವ ಸಂಸ್ಥೆ ಎಂಬ ಚಿತ್ರ ಬರುತ್ತದೆ. ಸಹಕಾರ ಸಂಘದಲ್ಲಿ ಸದಸ್ಯನಿಗೆ ಒಂದೇ ಮತ. 5 ಕ್ವಿಂಟಲ್ ತಂದವನಿಗೂ 50 ತಂದವನಿಗೂ ಅಷ್ಟೇ. ಕಂಪನಿಯಲ್ಲಿ ಹಾಗಲ್ಲ, ಮತ ಷೇರಿನ ಲೆಕ್ಕದಲ್ಲಿ. ಚದುರಿಹೋದ ಸಣ್ಣ ಷೇರುಗಳನ್ನು ಯಾರು ಒಟ್ಟು ಮಾಡುತ್ತಾರೋ ಮಂಡಳಿ ಅವರದ್ದು. ಚಳವಳಿಯ ಪತ್ರಿಕೆ ಎರಡು ತಲೆಮಾರಿನಲ್ಲಿ ಕುಟುಂಬದ ಪತ್ರಿಕೆ ಅನ್ನಿಸಿಕೊಳ್ಳುವುದು ಈ ದಾರಿಯಲ್ಲೇ. ಮಾತೃಭೂಮಿಯ ಆಡಳಿತದಲ್ಲಿ ಕಲ್ಲಿಕೋಟೆಯ ಇನ್ನೊಂದು ಉದ್ಯಮಿ ಕುಟುಂಬವೂ ಇದೆ ಎಂಬುದನ್ನು ಮರೆಯಬೇಡಿ. ‘ವೀರೇಂದ್ರಕುಮಾರರ ಪೇಪರ್’ ಎಂದರೆ ಅರ್ಧ ಸತ್ಯ. ಎಂಬತ್ತರ ದಶಕದ ಕೊನೆಗೆ ಟೈಮ್ಸ್ ಆಫ್ ಇಂಡಿಯಾ ಸಮೂಹ ಇದೇ ದಾರಿಯಲ್ಲಿ, ಷೇರು ಕೊಂಡು, ಒಳಗೆ ಬರಲು ನೋಡಿತು. ವ್ಯವಹಾರ ಕೋರ್ಟು ಹತ್ತಿತು, ಪತ್ರಿಕೆ ಕೈಬಿಟ್ಟು ಹೋಗಲಿಲ್ಲ. ಆ ಹೊತ್ತಿಗೆ ಕುರ್ಚಿಯಲ್ಲಿದ್ದವರು ವೀರೇಂದ್ರಕುಮಾರ್. ಅವರ ಪತ್ರಿಕಾ ಬದುಕಿನಲ್ಲಿ ಇದು ಪಿಟಿಐ ಸುದ್ದಿಸಂಸ್ಥೆಯ ಅಧ್ಯಕ್ಷ ಪದವಿಗಿಂತ ದೊಡ್ಡದು.

ಅಧಿಕಾರದ ಕಥೆಯಲ್ಲಿ ಮೊದಲ ಕುರ್ಚಿ ತೀರಾ ಸಣ್ಣದು. 1987ರಲ್ಲಿ ಕಲ್ಪೆಟ್ಟದಿಂದ ಗೆದ್ದು ಇ.ಕೆ. ನಾಯನಾರ್ ಸಂಪುಟದಲ್ಲಿ ಅರಣ್ಯ ಸಚಿವರಾದರು. ಕಾಡಿನ ಮರ ಕಡಿಯಬಾರದೆಂಬ ಆದೇಶ ಹೊರಡಿಸಿದರು. ಕೆಲವೇ ದಿನದಲ್ಲಿ ರಾಜೀನಾಮೆ ಕೊಟ್ಟರು. ಭಾಷಣಕಾರರಿಗೆ ಇದು ಸಕ್ಕರೆ: ಮರ ಉಳಿಸಲು ಹೋಗಿ ಮಂತ್ರಿಗಿರಿ ಕಳೆದುಕೊಂಡ ಮಲೆನಾಡಿಗ! ಹಾಗೆ ಹೇಳಿ ಕೈತೊಳೆಯುವ ಮುನ್ನ ಒಂದು ಸಂಗತಿ ನೋಡಿ. ಅವರು ಬಿಟ್ಟ ಅದೇ ಖಾತೆ ಅವರದೇ ಜನತಾ ಪಕ್ಷದ ಎನ್.ಎಂ. ಜೋಸೆಫರಿಗೆ ಹೋಯಿತು. ಹಾಗಾದರೆ ಪಕ್ಷದೊಳಗೇ ಎರಡು ಬಣ ಇತ್ತು ಅಂತಾಯಿತು. ಆದೇಶವನ್ನೂ ಹೇಳಿ, ಬಣವನ್ನೂ ಹೇಳಿ.

1996ರಲ್ಲಿ ಕಲ್ಲಿಕೋಟೆಯಿಂದ ಲೋಕಸಭೆಗೆ. ನಿಮ್ಮ ಸಭಿಕರಿಗೆ ಇಲ್ಲಿ ಒಂದು ಹಿಡಿಕೆ ಸಿಗುತ್ತದೆ. ಅದೇ ವರ್ಷ ಜೂನ್ 1ಕ್ಕೆ ದೇವೇಗೌಡರು ಪ್ರಧಾನಿ, ಅದರ ಹಿಂದಿನ ದಿನ ಜೆ.ಎಚ್. ಪಟೇಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ. ಮೂವರೂ ಜನತಾದಳ. ಅದರಲ್ಲಿ ಪಟೇಲರು ಮತ್ತು ವೀರೇಂದ್ರಕುಮಾರ್ ಸಂಯುಕ್ತ ಸಮಾಜವಾದಿ ಪಕ್ಷದ ದಿನಗಳಿಂದ ಒಂದೇ ಗರಡಿಯವರು. 1967ರಲ್ಲಿ ಪಟೇಲರು ಶಿವಮೊಗ್ಗದಿಂದ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ್ದು ಆ ಪಕ್ಷದಿಂದಲೇ. ದಿಲ್ಲಿಯ ಸಂಯುಕ್ತ ರಂಗದ ಸರ್ಕಾರದಲ್ಲಿ ವೀರೇಂದ್ರಕುಮಾರ್ ಮೊದಲು ಹಣಕಾಸು ರಾಜ್ಯ ಸಚಿವ, ಆಮೇಲೆ ಸ್ವತಂತ್ರ ಹೊಣೆಯ ಕಾರ್ಮಿಕ ರಾಜ್ಯ ಸಚಿವ.

ಕಾರ್ಮಿಕ ಖಾತೆಯ ಹತ್ತಿರ ಸ್ವಲ್ಪ ನಿಲ್ಲಿ. ಪತ್ರಕರ್ತರ ಸಂಬಳ ನಿಗದಿ ಮಾಡುವ ವೇತನ ಮಂಡಳಿಗಳು ಆಗ 1955ರ ಶ್ರಮಜೀವಿ ಪತ್ರಕರ್ತರ ಕಾಯ್ದೆಯ ಅಡಿ ಬರುತ್ತಿದ್ದವು, ಅವನ್ನು ನೋಡಿಕೊಳ್ಳುತ್ತಿದ್ದದ್ದು ಕಾರ್ಮಿಕ ಸಚಿವಾಲಯ. 1994ರಲ್ಲಿ ನೇಮಕವಾದ ಮಣಿಸಾನ ಮಂಡಳಿ ಅಂತಿಮ ವರದಿ ಕೊಟ್ಟದ್ದು 2000ದಲ್ಲಿ. ಅಂದರೆ ಪತ್ರಿಕಾ ಸಂಸ್ಥೆಯೊಂದರ ಮುಖ್ಯಸ್ಥರು ಆ ಖಾತೆಯಲ್ಲಿ ಕೂತಿದ್ದಾಗ ಪತ್ರಿಕಾ ನೌಕರರ ಸಂಬಳದ ಮಂಡಳಿ ಕೆಲಸದಲ್ಲಿತ್ತು. ಇದು ಆರೋಪ ಅಲ್ಲ, ಕೇಳಲೇಬೇಕಾದ ಪ್ರಶ್ನೆ. ಕೇಂದ್ರ ಸಚಿವರ ನಡತೆ ಸಂಹಿತೆಯಲ್ಲಿ ಸಚಿವರಾದವರು ತಮ್ಮ ವ್ಯವಹಾರದ ಆಡಳಿತದಿಂದ ದೂರ ಸರಿಯಬೇಕು ಎಂಬ ನಿಯಮ ಇದೆ. ಪತ್ರಿಕೆ ಇರುವ ಯಾವ ರಾಜಕಾರಣಿಯ ಬಗ್ಗೆ ಬರೆದರೂ ಈ ಎರಡು ಎಳೆ, ಖಾತೆ ಮತ್ತು ಕುರ್ಚಿ, ಎಲ್ಲಿ ಸಿಕ್ಕಿಕೊಳ್ಳುತ್ತವೆ ಎಂದು ನೋಡಬೇಕು. ಜೀವನಚರಿತ್ರೆಕಾರರು ಬಹಳ ಮಂದಿ ಈ ಗಂಟನ್ನು ದಾಟಿ ಪ್ರಶಸ್ತಿಗಳ ಪಟ್ಟಿಗೆ ಓಡುತ್ತಾರೆ.

ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ನೀವು ಕೊಡಬೇಕಾದ್ದು ಪ್ಲಾಚಿಮಡಕ್ಕೆ. ಪತ್ರಿಕೆ, ಪಕ್ಷ, ಪಂಚಾಯ್ತಿ ಮೂರೂ ಒಂದೇ ಬಾವಿಯ ಕಟ್ಟೆಯ ಮೇಲೆ ಬಂದು ನಿಂತದ್ದು ಅಲ್ಲಿ. ಪಾಲಕ್ಕಾಡು ಜಿಲ್ಲೆಯ ಪೆರುಮಾಟ್ಟಿ ಪಂಚಾಯ್ತಿಯಲ್ಲಿ 2000ದಲ್ಲಿ ಕೋಕಾ ಕೋಲಾ ಘಟಕ ಶುರುವಾಯಿತು. ಸುತ್ತಲಿನ ಬಾವಿಗಳ ನೀರು ಇಳಿಯಿತು, ಉಳಿದದ್ದು ಬಾಯಿಗೆ ಹಾಕಲಾಗದಂತೆ ಕೆಟ್ಟಿತು. 2002ರ ಏಪ್ರಿಲ್ 22ರಂದು ಆದಿವಾಸಿಗಳು ಘಟಕದ ಎದುರು ಚಪ್ಪರ ಹಾಕಿ ಕೂತರು. ಎದ್ದು ಕಂಡ ಮುಖ ಮಯಿಲಮ್ಮ. 2003ರ ಏಪ್ರಿಲಿನಲ್ಲಿ ಪಂಚಾಯ್ತಿ ಪರವಾನಗಿ ನವೀಕರಿಸಲು ಒಪ್ಪಲಿಲ್ಲ. ಆ ಪಂಚಾಯ್ತಿ ಯಾರ ಕೈಯಲ್ಲಿತ್ತು ಗೊತ್ತೆ? ಜನತಾದಳದ ಕೈಯಲ್ಲಿ. ವೀರೇಂದ್ರಕುಮಾರರದೇ ಪಕ್ಷ. ಮಾತೃಭೂಮಿ ಈ ಸುದ್ದಿಯನ್ನು ಬಿಡದೆ ಬೆನ್ನು ಹತ್ತಿತು. 2003ರ ಡಿಸೆಂಬರಿನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ, ಅಂತರ್ಜಲ ಸಾರ್ವಜನಿಕರ ಸ್ವತ್ತು, ಸರ್ಕಾರ ಅದರ ಕಾವಲುಗಾರ ಎಂಬ ಅರ್ಥದ ತೀರ್ಪು ಕೊಟ್ಟಿತು. 2004ರ ಜನವರಿಯಲ್ಲಿ ಪಾಲಕ್ಕಾಡು ಜಿಲ್ಲೆಯದೇ ಪುದುಶ್ಶೇರಿಯಲ್ಲಿ ವಿಶ್ವ ಜಲ ಸಮ್ಮೇಳನ ನಡೆಯಿತು, ವೀರೇಂದ್ರಕುಮಾರ್ ಮುಂದೆ ನಿಂತರು, ವಂದನಾ ಶಿವ, ಫ್ರಾನ್ಸಿನ ರೈತ ನಾಯಕ ಜೋಸೆ ಬೋವೆ ಬಂದರು. ಮಾರ್ಚಿನಲ್ಲಿ ಘಟಕ ನಿಂತಿತು. ಮೇ ತಿಂಗಳಲ್ಲಿ ಲೋಕಸಭೆಯ ಫಲಿತಾಂಶ: ಕೇರಳದ 20ರಲ್ಲಿ 18 ಎಡರಂಗಕ್ಕೆ, ಕಲ್ಲಿಕೋಟೆಯಲ್ಲಿ ವೀರೇಂದ್ರಕುಮಾರ್ ಗೆಲುವು.

ಇದನ್ನು ಸಾಲಾಗಿ ಜೋಡಿಸಿದರೆ ‘ಪತ್ರಿಕೆ ಬರೆಯಿತು, ಕಾರ್ಖಾನೆ ಮುಚ್ಚಿತು, ಮಾಲೀಕರು ಗೆದ್ದರು’ ಎಂದು ಓದಿಸಿಕೊಳ್ಳುತ್ತದೆ. ಆ ಬಲೆಗೆ ಬೀಳಬೇಡಿ. ಚಪ್ಪರದಲ್ಲಿ ಮಳೆಬಿಸಿಲಿಗೆ ಕೂತ ಹೆಂಗಸರು ಮೊದಲು, ಪಂಚಾಯ್ತಿ ಆಮೇಲೆ. ಆ ವರ್ಷದ ಬರದಿಂದಾಗಿ ರಾಜ್ಯ ಸರ್ಕಾರ ನೀರೆತ್ತುವುದಕ್ಕೆ ತಡೆ ಹಾಕಿದ್ದೂ ಸೇರಬೇಕು. ಹೈಕೋರ್ಟಿನ ವಿಭಾಗೀಯ ಪೀಠ 2005ರ ಏಪ್ರಿಲಿನಲ್ಲಿ ದಿನಕ್ಕೆ 5 ಲಕ್ಷ ಲೀಟರ್ ಎತ್ತಬಹುದು ಎಂದು ಹಿಂದಿನ ತೀರ್ಪನ್ನು ತಿರುಗಿಸಿದ್ದನ್ನೂ ಹೇಳಿ. ಹೋರಾಟದ ಭಾಷಣಗಳಲ್ಲಿ ಅದೊಂದನ್ನು ನುಂಗಿಬಿಡುವುದು ವಾಡಿಕೆ. ಇನ್ನೂ ಒಂದು ಎಡವಟ್ಟು: 2014ರಲ್ಲಿ ಅವರು ಪಾಲಕ್ಕಾಡಿನಿಂದ ನಿಂತು 1 ಲಕ್ಷಕ್ಕೂ ಹೆಚ್ಚು ಮತದಿಂದ ಸೋತಾಗ ‘ಪ್ಲಾಚಿಮಡದ ಜನವೇ ಕೈಬಿಟ್ಟರು’ ಎಂದು ಬರೆದುಬಿಡುವುದು. ಪೆರುಮಾಟ್ಟಿ ಇರುವುದು ಪಾಲಕ್ಕಾಡು ಜಿಲ್ಲೆಯಲ್ಲಿ ಹೌದು, ಆದರೆ ಚಿತ್ತೂರು ವಿಧಾನಸಭಾ ಕ್ಷೇತ್ರ ಸೇರುವುದು ಆಲತ್ತೂರು ಲೋಕಸಭೆಗೆ. ಪ್ಲಾಚಿಮಡದವರಿಗೆ ಅವತ್ತು ಅವರಿಗೆ ಮತ ಹಾಕುವ ಅವಕಾಶವೇ ಇರಲಿಲ್ಲ.

ಪತ್ರಿಕೆ ಸೀಟು ಕೊಡಿಸುತ್ತದೆಯೇ? 2009 ಇದಕ್ಕೆ ಉತ್ತರ. 2004ರಲ್ಲಿ ಜಾತ್ಯತೀತ ಜನತಾದಳ ದೇಶದಲ್ಲಿ ಗೆದ್ದದ್ದು 3 ಸ್ಥಾನ, ಎರಡು ಕರ್ನಾಟಕದ್ದು, ಮೂರನೆಯದು ಇವರದ್ದು. ಹಾಲಿ ಸಂಸದ. ಪತ್ರಿಕೆ ಹುಟ್ಟಿದ ಊರೇ ಕ್ಷೇತ್ರ. ಆದರೂ ಐದು ವರ್ಷದಲ್ಲಿ ಎಡರಂಗದ ಮುಂದಾಳು ಸಿಪಿಎಂ ಆ ಕ್ಷೇತ್ರವನ್ನು ತನಗೇ ಇಟ್ಟುಕೊಂಡಿತು. ಆ ಹೊತ್ತಿಗೆ ಪತ್ರಿಕೆಗೂ ಸಿಪಿಎಂ ರಾಜ್ಯ ನಾಯಕತ್ವಕ್ಕೂ ಮಾತು ಕೆಟ್ಟಿತ್ತು. ಅಂದರೆ ಪತ್ರಿಕೆ ಇಲ್ಲಿ ಬಲ ಆಗಲಿಲ್ಲ, ಹೊರೆ ಆಯಿತು. ಪತ್ರಿಕೆ ಬರೆದದ್ದಕ್ಕೆಲ್ಲ ರಾಜಕಾರಣಿ ಉತ್ತರ ಕೊಡಬೇಕಾಗುತ್ತದೆ. ಅವರು ಎಡರಂಗ ಬಿಟ್ಟು ಕಾಂಗ್ರೆಸ್ ಮುಂದಾಳತ್ವದ ಯುಡಿಎಫ್ ಕಡೆ ಹೋದರು. ಪಕ್ಷ ಒಡೆಯಿತು, ಮ್ಯಾಥ್ಯೂ ಟಿ. ಥಾಮಸರ ಬಣ ಎಡರಂಗದಲ್ಲೇ ಉಳಿಯಿತು. ಆ ಚುನಾವಣೆಯಲ್ಲಿ ಕಲ್ಲಿಕೋಟೆಯನ್ನು ಕಾಂಗ್ರೆಸ್ಸಿನ ಎಂ.ಕೆ. ರಾಘವನ್ ಗೆದ್ದ ಅಂತರ 838 ಮತ. ಒಂದು ಸಣ್ಣ ಪಕ್ಷದ ಮುನಿಸಿಗೆ ಬೆಲೆ ಎಷ್ಟು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಅಂಕಿ ಬೇಡ.

ಮುಂದಿನ ಪಕ್ಷಗಳ ಹೆಸರುಗಳಲ್ಲಿ ದಾರಿ ತಪ್ಪುವುದು ಸುಲಭ. 2010ರಲ್ಲಿ ಸೋಷಲಿಸ್ಟ್ ಜನತಾ, 2014ರ ಡಿಸೆಂಬರಿನಲ್ಲಿ ಸಂಯುಕ್ತ ಜನತಾದಳದಲ್ಲಿ ವಿಲೀನ, 2016ರಲ್ಲಿ ಯುಡಿಎಫ್ ಬೆಂಬಲದಿಂದ ರಾಜ್ಯಸಭೆ. 2017ರಲ್ಲಿ ನಿತೀಶ್ ಕುಮಾರ್ ಬಿಜೆಪಿ ಜೊತೆ ಹೋದಾಗ ಇವರು ಡಿಸೆಂಬರಿನಲ್ಲಿ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟರು. ಅದೇ ತಿಂಗಳು ಅದೇ ಪಕ್ಷದ ಶರದ್ ಯಾದವ್ ಪಕ್ಷಾಂತರ ನಿಷೇಧದ ಅಡಿ ಅನರ್ಹರಾಗಿದ್ದರು. ಒಬ್ಬರು ಕುರ್ಚಿ ಹಿಡಿದು ಕಳೆದುಕೊಂಡರು, ಒಬ್ಬರು ತಾವೇ ಬಿಟ್ಟರು. 2018ರ ಮಾರ್ಚಿನಲ್ಲಿ ಎಡರಂಗದ ಬೆಂಬಲದಿಂದ ಮತ್ತೆ ರಾಜ್ಯಸಭೆಗೆ ಬಂದದ್ದು ಪಕ್ಷೇತರರಾಗಿ. ಲೋಕತಾಂತ್ರಿಕ ಜನತಾದಳ (ಎಲ್‌ಜೆಡಿ) ರೂಪುಗೊಂಡದ್ದು ಆಮೇಲೆ, ಮೇ ತಿಂಗಳಲ್ಲಿ. ಪಕ್ಷೇತರನಾಗಿ ಗೆದ್ದವರು ಆಮೇಲೆ ಪಕ್ಷ ಸೇರಿದರೆ ಸಂವಿಧಾನದ ಹತ್ತನೇ ಅನುಸೂಚಿಯಡಿ, ಅಂದರೆ ಪಕ್ಷಾಂತರ ನಿಷೇಧದ ಅಡಿ, ಸ್ಥಾನವೇ ಹೋಗುತ್ತದೆ. ಹಾಗಾಗಿ ‘ಎಲ್‌ಜೆಡಿ ಸಂಸದ’ ಎಂದು ಬರೆಯುವುದು ಬರಿ ಚಿಕ್ಕ ತಪ್ಪಲ್ಲ. 2020ರ ಮೇ 28ರಂದು ಕಲ್ಲಿಕೋಟೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು, 83 ವರ್ಷ. ತೆರವಾದ ಸ್ಥಾನಕ್ಕೆ ಆಗಸ್ಟ್ 24ರಂದು ಚುನಾವಣೆ, ಮಗ ಶ್ರೇಯಾಂಸ್ ಕುಮಾರರಿಗೆ 88 ಮತ, ಎದುರಾಳಿಗೆ 41.

ಇಷ್ಟು ಪಕ್ಷ ಬದಲಾಯಿಸಿದರಲ್ಲ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ಜಿಲ್ಲೆಯ ಸಮಾಜವಾದಿಗಳನ್ನು ಹೋಲಿಕೆಗೆ ಪಕ್ಕದಲ್ಲಿಟ್ಟು ಉತ್ತರಿಸಿ. ಬಂಗಾರಪ್ಪನವರು, ಕಾಗೋಡು ತಿಮ್ಮಪ್ಪನವರು ಅದೇ ಗರಡಿಯಿಂದ ಕಾಂಗ್ರೆಸ್ಸಿಗೆ ಹೋದರು. ಪಟೇಲರು ಜನತಾ ಪರಿವಾರದ ಒಳಗೇ ಮನೆ ಬದಲಾಯಿಸುತ್ತ ಹೋದರು. ವೀರೇಂದ್ರಕುಮಾರ್ ಎರಡನೇ ಬಗೆಯವರು. ಒಲೆ ಒಂದೇ, ಬಿಡಾರ ಬೇರೆ ಬೇರೆ. ಅವರ ವಿಷಯದಲ್ಲಿ ತಕರಾರು ಇರಬಹುದಾದರೆ ಅದು ಪಕ್ಷದ ಬಗ್ಗೆ ಅಲ್ಲ, ರಂಗದ ಬಗ್ಗೆ.

ಇನ್ನೊಂದು ಕಷ್ಟದ ಪ್ರಶ್ನೆಯೂ ಬರುತ್ತದೆ: ನೂರಾರು ಎಕರೆ ಕಾಫಿ ತೋಟದ ಮನೆಯವನು ಸಮಾಜವಾದಿ ಹೇಗೆ? ಗೇಣಿದಾರರ ಕಾಗೋಡಿನ ನೆಲದಲ್ಲಿ ಇದು ಕುಹಕದ ಪ್ರಶ್ನೆಯೇನಲ್ಲ. ಕಾನೂನು ನೋಡಿ. ಕೇರಳದ ಭೂಸುಧಾರಣಾ ಕಾಯ್ದೆ ಪ್ಲಾಂಟೇಶನ್ ಜಮೀನನ್ನು ಹಿಡುವಳಿ ಮಿತಿಯಿಂದ ಹೊರಗಿಟ್ಟಿದೆ. ನಮ್ಮ 1961ರ ಕಾಯ್ದೆಯ 104ನೇ ಕಲಮೂ ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳಿಗೆ ವಿನಾಯಿತಿ ಕೊಡುತ್ತದೆ, ಅಡಿಕೆ ಆ ಪಟ್ಟಿಯಲ್ಲಿಲ್ಲ. 1974ರ ತಿದ್ದುಪಡಿ ಬಂದಾಗ ಸಾಗರ, ಸೊರಬದ ಗೇಣಿ ಅಡಿಕೆ ತೋಟ ಕೈ ಬದಲಾದವು, ಕಾಫಿ ಎಸ್ಟೇಟು ಅಲುಗಲಿಲ್ಲ. ಕಾಫಿ ಧಣಿಗೆ ‘ಉಳುವವನೇ ಹೊಲದೊಡೆಯ’ ಎನ್ನುವ ಪಕ್ಷದಲ್ಲಿರುವುದು ಅಡಿಕೆ ಧಣಿಗಿಂತ ಹಗುರವಾಗಿತ್ತು. ಇದು ಅವರ ನಿಷ್ಠೆಯನ್ನು ಅನುಮಾನಿಸುವ ಮಾತಲ್ಲ, ಜೈಲಿಗೆ ಹೋದವರು ಅವರು. ಆದರೂ ಹೇಳದೆ ಬಿಟ್ಟರೆ ಮಾತು ಹಾರ ಹಾಕಿದ ಫೋಟೋ ಆಗುತ್ತದೆ.

ಹೋಲಿಕೆಗೆ ಬೇರೆ ಪತ್ರಿಕಾ ರಾಜಕಾರಣಿಗಳು ಬೇಕಾದರೆ ಅದೇ ಮೂರು ಅಂಕಣದಲ್ಲಿ ಅಳೆಯಿರಿ. ತಮಿಳುನಾಡಿನ ಸಿ.ಬಾ. ಆದಿತ್ತನಾರ್ 1942ರಲ್ಲಿ ದಿನತಂತಿ ಕಟ್ಟಿದರು, 1967ರಲ್ಲಿ ವಿಧಾನಸಭೆಯ ಸ್ಪೀಕರ್: ಪತ್ರಿಕೆ ಮೊದಲು. ನಮ್ಮ ವಿಜಯ ಸಂಕೇಶ್ವರರು 1996ರಲ್ಲಿ ಧಾರವಾಡ ಉತ್ತರದ ಸಂಸದ, 1999ರಲ್ಲಿ ವಿಜಯ ಕರ್ನಾಟಕ: ಲಾರಿ ಮೊದಲು, ಲೋಕಸಭೆ ಆಮೇಲೆ, ಪತ್ರಿಕೆ ಕೊನೆಗೆ. ಆರ್.ಆರ್. ದಿವಾಕರರು 1921ರಲ್ಲೇ ಕರ್ಮವೀರ ತಂದವರು, ಮುಂದೆ ಕೇಂದ್ರದ ವಾರ್ತಾ ಸಚಿವ, ಬಿಹಾರದ ರಾಜ್ಯಪಾಲ. ಆದರೆ ಪತ್ರಿಕೆಯನ್ನು ಟ್ರಸ್ಟಿಗೆ ಕಟ್ಟಿದ್ದರಿಂದ ಅದು ಮನೆತನ ಆಗಲೇ ಇಲ್ಲ.

ದಾಖಲೆ ಹುಡುಕಲು ದಿಲ್ಲಿಗೆ ಹೋಗಬೇಕಿಲ್ಲ. ಲೋಕಸಭೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಇವೆ. 11ನೇ ಮತ್ತು 14ನೇ ಲೋಕಸಭೆ ಎಂದು ಹುಡುಕಿ. ಹೆಸರನ್ನು ಒಂದೇ ಪದವಾಗಿಯೂ, ವೀರೇಂದ್ರ, ಕುಮಾರ್ ಎಂದು ಒಡೆದೂ ಹುಡುಕಿ, ಇಲ್ಲದಿದ್ದರೆ ಅರ್ಧ ಕೈತಪ್ಪುತ್ತದೆ. ಮತಗಳ ಅಂಕಿಗೆ ಚುನಾವಣಾ ಆಯೋಗದ ವರದಿಗಳು. ಆಸ್ತಿ ವಿವರದ ಪ್ರಮಾಣಪತ್ರ 2004 ಮತ್ತು ಆಮೇಲಿನವು ಮಾತ್ರ, 1996ರದ್ದು ಹುಡುಕಿ ಕಾಲ ಕಳೆಯಬೇಡಿ. ಆ ನಿಯಮವೇ ಆಗ ಇರಲಿಲ್ಲ. ಪತ್ರಿಕೆಯ ಒಡೆತನಕ್ಕೆ ಪ್ರತಿವರ್ಷ ಫೆಬ್ರುವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಅಚ್ಚಾಗುತ್ತಿದ್ದ 4ನೇ ನಮೂನೆಯ ಹೇಳಿಕೆ ನೋಡಿ. ಶೇಕಡಾ 1ಕ್ಕಿಂತ ಹೆಚ್ಚು ಬಂಡವಾಳ ಇರುವವರ ಹೆಸರು ಅದರಲ್ಲಿ ಇರುತ್ತದೆ. ಕಂಪನಿಯ ವಾರ್ಷಿಕ ಲೆಕ್ಕವನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿ ನೋಡಬಹುದು. ಮಾತೃಭೂಮಿಯ ಸ್ಮರಣ ಸಂಚಿಕೆ ಸಿಕ್ಕರೆ ಓದಿ, ಆದರೆ ತಮ್ಮ ಯಜಮಾನರ ಬಗ್ಗೆ ಪತ್ರಿಕೆ ತಾನೇ ಬರೆದುಕೊಂಡದ್ದು ಅದು. ಅದರ ಪಕ್ಕಕ್ಕೆ ಅದೇ ದಿನದ ಮಲಯಾಳ ಮನೋರಮಾ, ಸಿಪಿಎಂನ ದೇಶಾಭಿಮಾನಿ ಇಡಿ. 2009ರ ಮಾರ್ಚ್ ತಿಂಗಳೊಂದನ್ನು ಮೂರರಲ್ಲೂ ನೋಡಿದರೆ ಮೂವರು ಬೇರೆ ಬೇರೆ ವೀರೇಂದ್ರಕುಮಾರರು ಕಾಣುತ್ತಾರೆ.

ಹೇಳುವ ವೇಗ ನಿಮಿಷಕ್ಕೆ 90 ಪದ ಹಿಡಿದರೆ 30 ನಿಮಿಷಕ್ಕೆ 2700 ಪದ. ವಯನಾಡು ಮತ್ತು ಮನೆತನಕ್ಕೆ 5 ನಿಮಿಷ ದಾಟಬೇಡಿ, ಹುಂಚದ ಚರ್ಚೆ ಅಲ್ಲೇ ಅರ್ಧ ಗಂಟೆ ತಿಂದುಬಿಡುತ್ತದೆ. ಮೂರು ಅಂಕಣದ ಹಾಳೆಯನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಪತ್ರಿಕೆಯ ಅಂಕಣದಲ್ಲಿ 1979ಕ್ಕೆ ಮುಂಚೆ ಖಾಲಿ ಬಿದ್ದಿರುವ ಜಾಗವೇ ನಿಮ್ಮ ಮೊದಲನೇ ಗೆಳೆಯರಿಗೆ ಉತ್ತರ ಹೇಳುತ್ತದೆ.